ಮೈಕಮ್ಮ ಹೇಳದ ಮಾತು

ಮೈಕಮ್ಮನ ದನಿ ಎಂಥದ್ದೆಂದರೆ, ಬಸ್ ನಿಲ್ದಾಣದಲ್ಲಿ ಕರೆಂಟು ಹೋದರೂ ಪ್ರಕಟಣೆ ನಿಲ್ಲುತ್ತಿರಲಿಲ್ಲ. ಟಿಕೆಟ್ ಕಿಟಕಿಗೂ ಶೌಚಾಲಯಕ್ಕೂ ನಡುವೆ ಇದ್ದ ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಕತ್ತಿಗೆ ಕರವಸ್ತ್ರ ಸುತ್ತಿ, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೊರಡುತ್ತದೆ ಎಂದು ವರ್ಷಾನುಗಟ್ಟಲೆ ಕೂಗಿದವಳು. ಕರೆಂಟು ಹೋದಾಗ ಬಾಗಿಲು ತೆಗೆದು ಹೊರಗೆ ನಿಂತು ಅದೇ ರಾಗದಲ್ಲಿ ಕೂಗುವಳು. ಶೌಚಾಲಯದೊಳಗಿದ್ದವರೂ ಗಡಿಬಿಡಿಯಿಂದ ಓಡಿ ಬರುವರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿಯಿತು. ಊರಿಗೆಲ್ಲ ಆಕೆ ಮೈಕಮ್ಮ.

ಗಂಡ ಮೊಬೈಲ್ ರಿಪೇರಿ ಮಾಡುವವನು. ಹಿಂದೊಮ್ಮೆ ನಿಲ್ದಾಣದ ಮೈಕು ಕೆಟ್ಟಾಗ ನೋಡಲು ಬಂದವನು, “ಮೈಕಿಗೇನೂ ಆಗಿಲ್ಲ, ಇವರ ದನಿಗೆ ಹೆದರಿ ಬಾಯಿ ಮುಚ್ಕೊಂಡಿದೆ ಅಷ್ಟೆ” ಎಂದಿದ್ದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಹುಡುಗಿ ಆ ಮಾತಿಗೆ ಮಾತ್ರ ನಕ್ಕಳು. ಆಮೇಲೆ ಮದುವೆಯೂ ಆದಳು.

ನಿಲ್ದಾಣದವರು ರೆಕಾರ್ಡು ಮಾಡಿದ ಪ್ರಕಟಣೆ ತಂದು ಆಕೆಯನ್ನು ಮನೆಗೆ ಕಳಿಸಿದಾಗಲೂ ಮೈಕಮ್ಮನಿಗೆ ಸಿಟ್ಟು ಬಂದಿತ್ತು. ಆದರೆ ಅದು ಬಸ್ಸಿನಂಥ ಸಿಟ್ಟು. ಬಂತು, ಸ್ವಲ್ಪ ನಿಂತಿತು, ಹೋಯಿತು. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಕ್ಕಿತ್ತು.

ಒಂದು ಕಂಪನಿ ಸಣ್ಣ ಹಿಡುವಳಿಯ ರೈತರಿಗೆ ಫೋನಿನಲ್ಲಿ ಸಲಹೆ ಹೇಳುವ ವ್ಯವಸ್ಥೆ ಶುರು ಮಾಡಿತ್ತು. ದುಬಾರಿ ಫೋನು ಬೇಕಿಲ್ಲ, ಓದಲು ಬರಬೇಕಿಲ್ಲ. ವಾರಕ್ಕೆರಡು ಸಲ ಕರೆ ಬರುತ್ತದೆ, ಎತ್ತಿ ಕಿವಿಗಿಟ್ಟುಕೊಂಡರೆ ಸಾಕು. ಮಳೆ ಯಾವಾಗ, ಹುಳ ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ಬೀಜ ಎಷ್ಟು ಆಳಕ್ಕೆ, ಎಲ್ಲವೂ ಮಾತಿನಲ್ಲಿ. ಆ ಮಾತಿಗೆ ದನಿ ಬೇಕಿತ್ತು. ಬೇಕರಿಯ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ, ಮೈಕಮ್ಮ ಮತ್ತೆ ಮೈಕಿನ ಮುಂದೆ ಕೂತಳು. ಗಾಜಿನಾಚೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ರೆಕಾರ್ಡು ಮಾಡುವವನು ಇರುತ್ತಿದ್ದ. ಸದಾ ನೆಗಡಿ. ಒಳ್ಳೆಯ ರೆಕಾರ್ಡಿಂಗು ಎಷ್ಟೋ ಇವನ ಸೀನಿಗೇ ಹಾಳಾಗಿದ್ದವು.

ಏನು ಹೇಳಬೇಕೆಂದು ಬರೆದುಕೊಡುತ್ತಿದ್ದವರು ಒಬ್ಬರು ವಿಜ್ಞಾನಿ. ಕಾಳುಗಳನ್ನು ಕೆಡದಂತೆ ಇಡುವುದು ಹೇಗೆ ಎಂಬುದರಲ್ಲೇ ಜೀವನ ಕಳೆದವರು. ಆಫೀಸಿನಲ್ಲಿ ಅವರಿಗೆ ಕಾಳಿನ ಮೇಡಂ ಎಂದೇ ಹೆಸರು. “ಅರ್ಥ ಆಗದೆ ಓದಬೇಡ. ನಿನಗೆ ಅರ್ಥ ಆಗದೆ ಇದ್ದದ್ದು ಕೇಳೋರಿಗೂ ಆಗಲ್ಲ” ಎಂದು ಪ್ರತಿ ಸಾಲಿಗೂ ತಡೆಯುತ್ತಿದ್ದರು. ಮುಸುಕಿನ ಜೋಳ ಒಣಗಿದೆಯೋ ಇಲ್ಲವೋ ತಿಳಿಯಲು ಹಲ್ಲಿನಲ್ಲಿ ಕಡಿಯಬೇಕು ಎಂದು ಬರೆದ ದಿನ, ಬೊಗಸೆ ಕಾಳು ತಂದು ಮೈಕಮ್ಮನಿಗೂ ರೆಕಾರ್ಡಿಂಗಿನವನಿಗೂ ಕೊಟ್ಟು ಕಡಿಸಿದ್ದರು. ಒಣಗಿದ್ದು ಟಕ್ಕೆಂದು ಒಡೆಯಿತು, ಹಸಿಯದು ಹಲ್ಲಿಗೆ ಅಂಟಿತು. ಆ ಟಕ್ಕೆಂಬ ಸದ್ದನ್ನೂ ರೆಕಾರ್ಡು ಮಾಡಿ ಸಂದೇಶದಲ್ಲಿ ಸೇರಿಸಿದರು.

ಅದು ಕೆಲಸ ಮಾಡಿತು. ಸುಮ್ಮನೆ ಹೇಳುವ ಮಾತಲ್ಲ, ನಿಜವಾಗಿಯೂ ಮಾಡಿತು. ಮೈಕಮ್ಮನ ಚಿಕ್ಕಮ್ಮ, ಅಂದರೆ ತಾಯಿ ಸತ್ತ ಮೇಲೆ ಆಕೆಯನ್ನು ಸಾಕಿದವಳು, ಪೇಟೆಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಎರಡು ತುಂಡು ಹೊಲ ಇಟ್ಟುಕೊಂಡಿದ್ದಳು. ಬೆಳೆದ ಜೋಳದಲ್ಲಿ ದೊಡ್ಡ ಪಾಲು ಪ್ರತಿ ವರ್ಷ ಹುಳು ತಿಂದು ಪುಡಿಯಾಗುತ್ತಿತ್ತು. ಮುಂದಿನ ಕೊಯ್ಲಿಗೆ ಮೊದಲೇ ಮನೆಯಲ್ಲಿ ಕಾಳು ಮುಗಿದು, ಕೊಂಡು ತಿನ್ನುವ ತಿಂಗಳುಗಳು ಶುರುವಾಗುತ್ತಿದ್ದವು. ಗಾಳಿಯಾಡದ ಹೊಸ ಚೀಲ ಬಂದ ಮೇಲೆ ಅದು ನಿಂತಿತು. ಚೆನ್ನಾಗಿ ಒಣಗಿಸಿ, ಚೀಲಕ್ಕೆ ತುಂಬಿ, ಗಾಳಿ ಹೊರಗೆ ಒತ್ತಿ, ಬಾಯಿ ಬಿಗಿದರೆ ಒಳಗಿದ್ದ ಹುಳು ಉಸಿರು ಕಟ್ಟಿ ಸಾಯುತ್ತದೆ. ಔಷಧಿ ಬೇಡ. ಕಾಳು ವರ್ಷವಿಡೀ ಹಾಗೇ ಇರುತ್ತದೆ. ಚಿಕ್ಕಮ್ಮ ಕರೆ ಬಂದಾಗ ಫೋನನ್ನು ಸ್ಪೀಕರಿಗೆ ಹಾಕಿ ಬಾಗಿಲ ಮೊಳೆಗೆ ನೇತುಹಾಕುತ್ತಿದ್ದಳು. “ನಮ್ಮ ಹುಡುಗಿ ಮಾತಾಡ್ತಾಳೆ, ಎಲ್ಲರೂ ಸುಮ್ಮನಿರಿ” ಎಂದು ಬೀದಿಯವರನ್ನೆಲ್ಲ ಗದರಿಸುತ್ತಿದ್ದಳು. ಫೋನಿನೊಳಗಿನ ದನಿಗೂ ಆಗಾಗ ಉತ್ತರ ಕೊಡುತ್ತಿದ್ದಳು.

ಆಮೇಲೆ ಕಾಳಿನ ಮೇಡಂ ನಿವೃತ್ತರಾದರು. ಹೊಸ ಮ್ಯಾನೇಜರ್ ಬಂದ. ಕೆಟ್ಟವನಲ್ಲ, ಎಲ್ಲರನ್ನೂ ಅಕ್ಕಾ, ಅಣ್ಣಾ ಎಂದೇ ಕರೆಯುವವನು. ಆದರೆ ಅವನಿಗೆ ಎಲ್ಲವೂ ಬೇಗ ಆಗಬೇಕು. ಒಂದು ದಿನ ಮೈಕಮ್ಮನನ್ನು ಕೂರಿಸಿ, ತಲೆಬುಡವಿಲ್ಲದ ವಾಕ್ಯಗಳ ಕಟ್ಟು ಕೊಟ್ಟು ಓದಿಸಿದ. ಮರುದಿನವೂ ಅದೇ.

“ಇದೇನಪ್ಪಾ ಇದು, ‘ನೀಲಿ ಕುರ್ಚಿ ಮೆಲ್ಲಗೆ ನಕ್ಕಿತು’ ಅಂತೆ? ಯಾವ ರೈತನಿಗೆ ಇದು?” ಎಂದು ಮೈಕಮ್ಮ ನಕ್ಕಳು.

“ಕಂಪ್ಯೂಟರ್‌ಗೆ ನಿಮ್ಮ ದನಿ ಕಲಿಸ್ತಿದ್ದೀವಿ ಅಕ್ಕಾ. ನಿಮಗೆ ಗಂಟಲು ಕಟ್ಟಿದ ದಿನ ಅನುಕೂಲ ಆಗುತ್ತೆ.”

ಆಕೆಗೆ ಗಂಟಲು ಕಟ್ಟಲಿಲ್ಲ. ಆದರೂ ಆಫೀಸಿನಿಂದ ಕರೆಯುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಸೇವೆಯೇ ನಿಂತಿರಬೇಕು ಎಂದುಕೊಂಡಳು. ಒಂದು ಮಧ್ಯಾಹ್ನ ಗಂಡನಿಗೆ ಊಟ ತೆಗೆದುಕೊಂಡು ಅಂಗಡಿಗೆ ಹೋದಾಗ, ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಬಿದ್ದಿದ್ದ ಯಾರದೋ ಫೋನು ರಿಂಗಾಯಿತು. ಗಂಡ ಸ್ಪೀಕರು ನೋಡೋಣವೆಂದು ಎತ್ತಿದ. “ನಮಸ್ಕಾರ. ಈ ವಾರ ಗಿಡದ ಬುಡಕ್ಕೆ ಮಣ್ಣು ಏರಿಸಿ” ಎಂದಿತು ಫೋನು. ಮೈಕಮ್ಮನ ದನಿ. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ಮೈಕಮ್ಮ ಬಾಯಿ ತೆರೆದಿರಲಿಲ್ಲ.

“ಯಾವಾಗ ಹೇಳಿದ್ದು ಇದು?” ಗಂಡ ಕೇಳಿದ.

“ನಾನು ಹೇಳಿಲ್ಲ ಕಣ್ರೀ.”

ಇಬ್ಬರೂ ಕೊನೆಯವರೆಗೂ ಕೇಳಿದರು. ವಾಕ್ಯದ ನಡುವೆ ಆಕೆ ಎಳೆದುಕೊಳ್ಳುವ ಸಣ್ಣ ಉಸಿರೂ ಇತ್ತು. ಯಾರೋ ತನ್ನ ಸೀರೆ ಉಟ್ಟುಕೊಂಡು ಬೀದಿಯಲ್ಲಿ ಓಡಾಡುತ್ತಿರುವುದನ್ನು ಕಂಡಂತಾಯಿತು ಮೈಕಮ್ಮನಿಗೆ. ಫೋನು ಮಾಡಿ ಕೇಳಿದರೆ ಮ್ಯಾನೇಜರ್, “ಹೊಸ ಸಿಸ್ಟಮ್ ಅಕ್ಕಾ, ನೀವು ಆಗಲೇ ಒಪ್ಪಿದ್ರಲ್ಲ” ಎಂದ. ಫೋನು ಹೇಳಿದ ಸಲಹೆಯೇನೋ ಸರಿಯಾದದ್ದೇ ಆಗಿತ್ತು. ಕಂಪನಿಯ ಮೇಲೆ ಎರಡು ದಿನ ಕೂಗಾಡಿ, ಗಂಡನ ತಲೆ ತಿಂದು, ಹಾಳಾಗಿ ಹೋಗಲಿ ಎಂದು ಸುಮ್ಮನಾದಳು.

ಕೊಯ್ಲು ಮುಗಿದು ಕೆಲವು ವಾರವಾಗಿತ್ತು. ಚಿಕ್ಕಮ್ಮನ ಫೋನು ಬಂತು. “ಸ್ವಲ್ಪ ಬಂದು ಹೋಗೇ” ಎಂದಳು, ಅಷ್ಟೇ. ಅರ್ಧ ಗಂಟೆಗೆ ಕಡಿಮೆ ಮಾತಾಡದ ಹೆಂಗಸು ಅಷ್ಟಕ್ಕೇ ನಿಲ್ಲಿಸಿದ್ದು ಕೇಳಿ ಮೈಕಮ್ಮ ಕೈಲಿದ್ದ ಕೆಲಸ ಬಿಟ್ಟು ಮುಂದಿನ ಬಸ್ಸನ್ನೇ ಹತ್ತಿದಳು.

ಚಿಕ್ಕಮ್ಮನ ಮನೆ ಎಂದರೆ ಎರಡು ಕೋಣೆ. ಹಿಂದಿನ ಕೋಣೆಯಲ್ಲಿ ಹಲಗೆಗಳ ಮೇಲೆ ಜೋಳದ ಚೀಲಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ಈಗ ಅವುಗಳ ಬಾಯಿ ಬಿಚ್ಚಿತ್ತು. ಹೊಸ್ತಿಲು ದಾಟುವ ಮೊದಲೇ ವಾಸನೆ ಮೂಗಿಗೆ ಹೊಡೆಯಿತು, ಹುಳಿ, ಮುಗ್ಗಲು, ಒದ್ದೆ ಬಟ್ಟೆ ಎಲ್ಲ ಸೇರಿದಂಥದ್ದು. ಮೈಕಮ್ಮ ಚೀಲದೊಳಗೆ ಕೈ ಹಾಕಿದಳು. ಕಾಳು ಬೆಚ್ಚಗಿತ್ತು. ಹೆಂಟೆಹೆಂಟೆಯಾಗಿ ಅಂಟಿಕೊಂಡಿತ್ತು. ಹೊರಗೆ ತೆಗೆದರೆ ಹಸಿರು ಬೂಷ್ಟು ಬೆರಳಿಗೆಲ್ಲ ಮೆತ್ತಿತು.

“ದನಕ್ಕೂ ಹಾಕೋ ಹಾಗಿಲ್ಲ,” ಎಂದಳು ಚಿಕ್ಕಮ್ಮ. “ವಿಷ ಅಂತ ನೀನೇ ಹಿಂದೆ ಹೇಳಿದ್ದೆಯಲ್ಲ.”

“ಒಣಗಿಸದೆ ತುಂಬಿದೆಯಾ? ನಿನಗೆ ಗೊತ್ತಿಲ್ವಾ ಚಿಕ್ಕಮ್ಮ? ಇಷ್ಟು ವರ್ಷ ಮಾಡಿದವಳು!”

ಚಿಕ್ಕಮ್ಮ ಫೋನು ತೆಗೆದು, ಹಳೆಯ ಸಂದೇಶ ಮತ್ತೆ ಕೇಳುವ ಗುಂಡಿ ಒತ್ತಿದಳು. ಮೈಕಮ್ಮನ ದನಿ, ಅಕ್ಕರೆಯಿಂದ, ಹೇಳಿತು: “ನಮಸ್ಕಾರ. ಕೊಯ್ಲಾದ ಕೂಡಲೇ ಕಾಳನ್ನು ಚೀಲಕ್ಕೆ ತುಂಬಿ. ಗಾಳಿ ಹೊರಗೆ ಒತ್ತಿ. ಬಾಯಿ ಬಿಗಿಯಾಗಿ ಕಟ್ಟಿ. ತಡ ಮಾಡಿದರೆ ಹುಳು ಬೀಳುತ್ತದೆ.” ಸಂದೇಶ ಮುಗಿಯುವ ಮೊದಲೇ, ಅಷ್ಟಕ್ಕೇ ಚಿಕ್ಕಮ್ಮ ಫೋನು ನಿಲ್ಲಿಸಿದಳು.

“ಹಿಂದೆಲ್ಲ ಒಣಗಿಸು, ಕಡಿದು ನೋಡು ಅಂತಿದ್ದೆ. ಈ ಸಲ ಕೂಡಲೇ ತುಂಬು ಅಂದೆ. ಚೀಲನೂ ಹೊಸ ಥರದ್ದು ಬಂದಿತ್ತು. ಚೀಲ ಬದಲಾಯ್ತು, ಪದ್ಧತಿನೂ ಬದಲಾಗಿರಬೇಕು ಅಂದ್ಕೊಂಡೆ. ಮೋಡ ಬೇರೆ ಇತ್ತು, ಬಿಸಿಲಿಗೆ ಕಾಯೋದು ತಪ್ಪಿತು ಅಂತ ಖುಷಿನೂ ಆಯ್ತು,” ಎಂದಳು ಚಿಕ್ಕಮ್ಮ. ಚೀಲದ ಬಾಯಿ ಮುಚ್ಚುತ್ತಾ ಸೇರಿಸಿದಳು: “ಬೇರೆ ಯಾರು ಹೇಳಿದ್ರೂ ಕೇಳ್ತಿರಲಿಲ್ಲ ಕಣೇ. ನೀನು ಹೇಳಿದೆ ಅಂತ ಕೇಳಿದೆ.”

ಬೈದಿದ್ದರೆ ಮೈಕಮ್ಮನಿಗೆ ಹಗುರಾಗುತ್ತಿತ್ತು. ಬೈಯುವ ಕೆಲಸವನ್ನು ಬೀದಿ ಮಾಡಿತು. ಆಕೆ ಹೊರಗೆ ಬರುವಷ್ಟರಲ್ಲಿ ಆರೇಳು ಮನೆಯವರು ಸೇರಿದ್ದರು. ಎಲ್ಲರ ಮನೆಯಲ್ಲೂ ಅದೇ ವಾಸನೆ. ಎದುರು ಮನೆಯವಳು, ಮೂರು ಮಕ್ಕಳ ತಾಯಿ, ಮುಂದೆ ಬಂದು ಕೆಟ್ಟ ಕಾಳನ್ನು ಮೈಕಮ್ಮನ ಕಾಲ ಬುಡದಲ್ಲಿ ಸುರಿದಳು.

“ತಗೋ, ನಿನ್ನ ಸಲಹೆ. ನೀನು ಪೇಟೆಯಲ್ಲಿ ಕೂತು ಸಂಬಳ ಎಣಿಸು. ನನ್ನ ಮಕ್ಕಳು ಮುಂದಿನ ಕೊಯ್ಲಿನ ತನಕ ನಿನ್ನ ಮಾತು ತಿಂದು ಬದುಕ್ತಾರೆ.”

“ಅದು ನಾನು ಹೇಳಿದ್ದಲ್ಲ,” ಎಂದಳು ಮೈಕಮ್ಮ. ಹೇಳುವಾಗಲೇ ಗೊತ್ತಾಯಿತು, ಅದೇ ದನಿಯಲ್ಲಿ ಅದನ್ನು ಹೇಳಿದರೆ ಯಾರು ನಂಬುತ್ತಾರೆ?

ಬಸ್ಸಿನಲ್ಲಿ ವಾಪಸು ಬರುವಾಗ ಆಕೆ ಅಳಲಿಲ್ಲ. ಮಡಿಲಲ್ಲಿ ಕೆಟ್ಟ ಕಾಳಿನ ಪೊಟ್ಟಣ ಇಟ್ಟುಕೊಂಡು ಹಲ್ಲು ಕಚ್ಚಿ ಕೂತಿದ್ದಳು. ಪಕ್ಕದ ಸೀಟಿನವನು ಮುಖ ನೋಡಿ ಎದ್ದು ಬೇರೆ ಕಡೆ ನಿಂತ.

ನೆಟ್ಟಗೆ ಆಫೀಸಿಗೆ ಹೋಗಿ, ಪೊಟ್ಟಣ ಬಿಚ್ಚಿ, ಮ್ಯಾನೇಜರನ ಗಾಜಿನ ಮೇಜಿನ ಮೇಲೆ ಹರಡಿದಳು. ಅವನು ಗಾಬರಿಯಾದ. ಏನಾಗಿದೆ ಎಂದು ತಕ್ಷಣ ತಿಳಿದುಕೊಂಡ ಕೂಡ. ಆದರೆ ತಿಳಿದುಕೊಂಡವನ ಬಾಯಿಂದ ಬಂದದ್ದು ಇದು:

“ಹಳೇ ಸಂದೇಶ ಉದ್ದ ಇತ್ತು ಅಕ್ಕಾ. ಜನ ಅರ್ಧಕ್ಕೇ ಫೋನ್ ಇಡ್ತಿದ್ರು. ಕಂಪ್ಯೂಟರ್ ಅದನ್ನ ಚಿಕ್ಕದು ಮಾಡಿಕೊಟ್ಟಿತು. ಒಣಗಿಸೋ ವಿಷಯ ತೆಗೆದಿಲ್ಲ, ಇದೆ. ಮೂರು ಒತ್ತಿದ್ರೆ ಬರುತ್ತೆ.”

“ಮೂರು ಒತ್ತಿ ಅಂತ ಎಲ್ಲಿ ಹೇಳಿದೆ?”

“ಕೊನೇಲಿ.”

“ಬಾಯಿ ಬಿಗಿದಾದ ಮೇಲೆ? ತುಂಬಿ, ಕಟ್ಟಿ, ಮೂಲೆಗಿಟ್ಟು, ಆಮೇಲೆ ಮೂರು ಒತ್ತಿ ಒಣಗಿಸೋದಾ?”

“ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ ಅಕ್ಕಾ.”

“ನನ್ನ ಭಾವನೆ ಬಿಡಯ್ಯಾ! ಕಾಳು ನೋಡು. ಕಳಿಸೋ ಮೊದಲು ಒಬ್ಬರಾದ್ರೂ ಕೂತು ಕೇಳಿದ್ರಾ ಅದನ್ನ?”

ಯಾರೂ ಕೇಳಿರಲಿಲ್ಲ. ವಾರಕ್ಕೆರಡು ಸಲ ಅಷ್ಟೊಂದು ಮನೆಗಳಿಗೆ ಹೋಗುವ ಮಾತನ್ನು, ಹೊರಡುವ ಮೊದಲು, ಆ ಆಫೀಸಿನಲ್ಲಿ ಒಂದು ಮನುಷ್ಯ ಕಿವಿಯೂ ಕೇಳಿರಲಿಲ್ಲ.

ಇನ್ನೂ ಚೀಲ ಬಿಚ್ಚದ ಮನೆಗಳಿದ್ದವು. ಅದೇ ಮೈಕಮ್ಮನ ತಲೆ ಕೊರೆಯುತ್ತಿದ್ದುದು. ಇವತ್ತೇ ತಿದ್ದಿ ಹೇಳಬೇಕು, ನಾನೇ ಹೇಳಬೇಕು ಎಂದು ಪಟ್ಟು ಹಿಡಿದಳು. ಮ್ಯಾನೇಜರ್ ಒಪ್ಪಿದ. ಸ್ಪಂಜಿನ ಕೋಣೆಯಲ್ಲಿ ಕೂತು ಆಕೆ ಹೇಳಿದಳು: ಚೀಲ ಈಗಲೇ ಬಿಚ್ಚಿ, ಕಾಳು ಬೆಚ್ಚಗಿದ್ದರೆ ಹರಡಿ, ಬೂಷ್ಟು ಬಂದದ್ದನ್ನು ಯಾರಿಗೂ ಹಾಕಬೇಡಿ, ಒಣಗಿ ಹಲ್ಲಿಗೆ ಟಕ್ಕೆನ್ನುವವರೆಗೆ ಕಟ್ಟಬೇಡಿ. ಕೊನೆಗೆ ಇದನ್ನೂ ಸೇರಿಸಿದಳು: “ಹಿಂದಿನ ಸಂದೇಶ ನಾನು ಹೇಳಿದ್ದಲ್ಲ. ಯಂತ್ರ ಹೇಳಿದ್ದು. ಅದನ್ನ ಕೇಳಿ ನೋಡದೆ ಕಳಿಸಿದ್ದು ಕಂಪನಿ ತಪ್ಪು.” ಗಾಜಿನಾಚೆಯ ನೆಗಡಿಯವನು ಸೀನು ತಡೆದುಕೊಂಡು ಹೆಬ್ಬೆರಳು ಎತ್ತಿದ.

ಮರುದಿನ ಎಲ್ಲರ ಫೋನಿಗೂ ಕರೆ ಹೋಯಿತು. ಮೈಕಮ್ಮ ಗಂಡನ ಅಂಗಡಿಯಲ್ಲಿ ಕೂತು ಕೇಳಿದಳು. “ನಮಸ್ಕಾರ. ಕಳೆದ ಸಂದೇಶದಲ್ಲಿ ನನ್ನಿಂದ ಒಂದು ಮಾತು ಬಿಟ್ಟುಹೋಯಿತು. ನನ್ನ ತಪ್ಪನ್ನು ದಯವಿಟ್ಟು ಕ್ಷಮಿಸಿ. ಕಾಳನ್ನು ಒಣಗಿಸಿದ ನಂತರವೇ ಚೀಲಕ್ಕೆ ತುಂಬಿ.” ಅಷ್ಟೆ. ಚೀಲ ಬಿಚ್ಚಿ ಎನ್ನುವ ಮಾತೂ ಇಲ್ಲ. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಇರಲಿಲ್ಲ. ಆದರೆ ಬೇಡುವ ಆ ದನಿ ಅವಳದ್ದೇ. ‘ನನ್ನ ತಪ್ಪನ್ನು’ ಎನ್ನುವಲ್ಲಿ ಗಂಟಲು ಸ್ವಲ್ಪ ನಡುಗಿದ್ದೂ ಇತ್ತು. ಅದನ್ನೂ ಕಲಿಸಿದ್ದರು.

ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟ. “ಏನಾದ್ರೂ ಅನ್ನು,” ಎಂದ. ಮೈಕಮ್ಮನ ಬಾಯಿಂದ ಮಾತೇ ಹೊರಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗಂಡನಿಗೆ ಆಕೆಯನ್ನು ಕಂಡು ಭಯವಾಯಿತು. ಮನೆಗೆ ಹೋಗಿ ಪಾತ್ರೆ ತಿಕ್ಕಲು ಕೂತವಳು ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ತಿಕ್ಕಿದಳು. ಅಲ್ಯೂಮಿನಿಯಂ ಲೋಟವೊಂದು ಕೈಯಲ್ಲೇ ಸೊಟ್ಟಗಾಯಿತು. ತನ್ನ ಹೊಟ್ಟೆ ಮೇಲೆ ಹೊಡೆದದ್ದನ್ನು ಸಹಿಸಿದ್ದಳು. ಚಿಕ್ಕಮ್ಮನ ಹೊಟ್ಟೆ ಮೇಲೆ ಹೊಡೆದು, ಆ ಹೊಡೆತಕ್ಕೆ ತನ್ನ ಬಾಯಿಂದಲೇ ಕ್ಷಮೆ ಕೇಳಿಸಿದ್ದರು.

ಆ ವಾರ ಪೇಟೆಯ ಮೈದಾನದಲ್ಲಿ ಕೃಷಿ ಯಂತ್ರಗಳ ಪ್ರದರ್ಶನ ನಡೆಯುತ್ತಿತ್ತು. ಕಂಪನಿಯದೂ ಒಂದು ಮಳಿಗೆ. ಧನಸಹಾಯ ಕೊಡುವ ಸಂಸ್ಥೆಯವರು ನೋಡಲು ಬರುತ್ತಾರೆಂದು ಮೆತ್ತನೆಯ ಕುರ್ಚಿ, ನೀರಿನ ಬಾಟಲಿ ಎಲ್ಲ ಸಜ್ಜಾಗಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಮೈಕಮ್ಮನ ದನಿ ಬೆಳಗಿನಿಂದ ಕೊಚ್ಚಿಕೊಳ್ಳುತ್ತಿತ್ತು: “ನಮ್ಮ ಸೇವೆಯಿಂದ ಸಾವಿರಾರು ಮನೆಗಳಲ್ಲಿ ವರ್ಷವಿಡೀ ಕಾಳು ತುಂಬಿದೆ.”

ಮೈಕಮ್ಮ ಚಿಕ್ಕಮ್ಮನನ್ನು ಕರೆದುಕೊಂಡು ಬಂದಳು. ಇಬ್ಬರೂ ಸೇರಿ ಒಂದು ಚೀಲ ಹೊತ್ತು ತಂದಿದ್ದರು. ಅತಿಥಿಗಳು ಕೂತಿದ್ದರು, ಜನ ಸುತ್ತ ನೆರೆದಿದ್ದರು. ಮೈಕಮ್ಮ ಖಾಲಿ ಕುರ್ಚಿಯೊಂದನ್ನು ಎಳೆದು, ಚಪ್ಪಲಿ ಬಿಟ್ಟು, ಮೇಲೆ ಹತ್ತಿ ನಿಂತಳು.

“ಕೇಳಿ! ಆ ಡಬ್ಬದಲ್ಲಿ ಮಾತಾಡ್ತಿರೋದು ನಾನಲ್ಲ. ನಾನು ಇಲ್ಲಿದ್ದೀನಿ!”

ಮೈದಾನದ ಆ ತುದಿಯಲ್ಲಿ ಟ್ರ್ಯಾಕ್ಟರು ನೋಡುತ್ತಿದ್ದವರೂ ತಿರುಗಿದರು. ಸ್ಪೀಕರು ತನ್ನಷ್ಟಕ್ಕೆ ಹೇಳುತ್ತಲೇ ಇತ್ತು. ಅದೇ ದನಿ ಕಂಬದ ಮೇಲಿಂದ ಮೃದುವಾಗಿ, ಕುರ್ಚಿಯ ಮೇಲಿಂದ ಉರಿದುಕೊಂಡು. ಜನ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದರು. ಯಾರೋ ನಕ್ಕರು, ನಗು ಅಲ್ಲೇ ಸತ್ತಿತು.

“ಅಕ್ಕಾ, ಇಳೀರಿ, ಒಳಗೆ ಕೂತು ಮಾತಾಡೋಣ,” ಎಂದು ಮ್ಯಾನೇಜರ್ ಓಡಿ ಬಂದ.

“ಒಳಗೆ ಕೂತು ಮಾತಾಡಿದ್ದನ್ನ ಏನು ಮಾಡಿದೆ? ಎಲ್ಲಿ ಹೋಯ್ತು ನನ್ನ ಮಾತು? ನನ್ನ ಗಂಟಲಲ್ಲಿ ನಿನ್ನ ತಪ್ಪು ಒಪ್ಪಿಸ್ತೀಯಾ?”

ಮ್ಯಾನೇಜರ್ ಸನ್ನೆ ಮಾಡಿದ, ಸ್ಪೀಕರಿನ ಸದ್ದು ಜೋರಾಯಿತು. ಮೈಕಮ್ಮ ಅದಕ್ಕಿಂತ ಜೋರಾದಳು. ಕತ್ತಿನ ನರ ಉಬ್ಬಿತು. ಇಬ್ಬರು ಮೈಕಮ್ಮಂದಿರು ಹೀಗೆ ಜಗಳಕ್ಕೆ ಬಿದ್ದಿರುವಾಗ ಮಳಿಗೆಯ ಹಿಂದಿನಿಂದ ದೊಡ್ಡದೊಂದು ಸೀನು ಕೇಳಿಸಿತು, ಮತ್ತು ಸ್ಪೀಕರು ಬಾಯಿ ಮುಚ್ಚಿತು. ರೆಕಾರ್ಡಿಂಗಿನವನು ತಂತಿ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ.

ನಿಶ್ಶಬ್ದದಲ್ಲಿ ಆಕೆ ಮೊದಲು ಹೇಳಿದ್ದು ಕಂಪನಿಯ ಮಾತಲ್ಲ. “ಜೋಳ ಕಟ್ಟಿಟ್ಟಿರೋರು ಇವತ್ತೇ ಮನೆಗೆ ಹೋಗಿ ಚೀಲ ಬಿಚ್ಚಿ. ಈಗಲೇ ಹೋಗಿ. ಇಲ್ಲಿ ನಿಂತು ನನ್ನ ಮುಖ ನೋಡಬೇಡಿ.” ಕೆಲವರು ನಿಜವಾಗಿಯೂ ಹೊರಟರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಚಿಕ್ಕಮ್ಮ ಚೀಲ ಬಿಚ್ಚಿದಳು. ಮುಂದಿನ ಸಾಲಿನ ಅತಿಥಿಯೊಬ್ಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡರು.

“ಮೂಗು ಮುಚ್ಕೋಬೇಡಿ ಸಾರ್,” ಎಂದಳು ಚಿಕ್ಕಮ್ಮ, ತಣ್ಣಗೆ. “ಇದು ನಾವು ಊಟ ಮಾಡಬೇಕಾಗಿದ್ದದ್ದು.”

ಅದಾದ ಮೇಲೆ ಆಗಬೇಕಾದದ್ದರಲ್ಲಿ ಅರ್ಧ ಆಯಿತು. ‘ತಾಂತ್ರಿಕ ಲೋಪ’ ಎಂದಿತು ಕಂಪನಿ. ಲೋಪಕ್ಕೆ ಕೈಕಾಲು ಇರುವುದಿಲ್ಲವಲ್ಲ, ಆದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ. ಮೈಕಮ್ಮ ಬಿಡದೆ ಆಫೀಸಿನ ಮೆಟ್ಟಿಲ ಮೇಲೆ ಕೂತಳು. ಕೆಳಗಿನ ಬೇಕರಿಯವನು ಗಿರಾಕಿಗಳು ಬರುತ್ತಿಲ್ಲವೆಂದು ಗೋಗರೆದ. ಕೊನೆಗೆ, ಕೆಟ್ಟ ಕಾಳು ತಂದು ತೋರಿಸಿದವರಿಗೆ ಬದಲಿ ಕಾಳು ಕೊಟ್ಟರು. ನಾಚಿಕೆಯಿಂದಲೋ ಮಕ್ಕಳು ಮುಟ್ಟಿಯಾರೆಂಬ ಭಯದಿಂದಲೋ ಮೊದಲೇ ಗುಂಡಿ ತೋಡಿ ಹೂತವರಿಗೆ ಏನೂ ಸಿಗಲಿಲ್ಲ. ಎದುರು ಮನೆಯವಳು ಅವರಲ್ಲೊಬ್ಬಳು. ಮೈಕಮ್ಮನ ಕಾಲ ಬುಡದಲ್ಲಿ ಸುರಿದು ಉಳಿದದ್ದನ್ನೆಲ್ಲ ಅವಳು ಹೂತುಬಿಟ್ಟಿದ್ದಳು. ಚಿಕ್ಕಮ್ಮ ತನಗೆ ಸಿಕ್ಕಿದ್ದರಲ್ಲಿ ಪಾಲು ಕೊಟ್ಟಳು. ಅದು ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು.

ರೆಕಾರ್ಡಿಂಗಿನವನನ್ನು ಕೆಲಸದಿಂದ ತೆಗೆದರು. ಮ್ಯಾನೇಜರನಿಗೆ ಬೇರೆ ಊರಿನ ಆಫೀಸು ಸಿಕ್ಕಿತು, ಹೆಚ್ಚು ಕಡಿಮೆ ಅದೇ ಕುರ್ಚಿ. ನಿಮ್ಮ ದನಿ ಅಳಿಸಿದ್ದೇವೆ ಎಂದು ಕಂಪನಿಯವರು ಹೇಳಿದರು. ಅಳಿಸಿದ್ದಾರೋ ಇಲ್ಲವೋ ನೋಡುವ ದಾರಿ ಆಕೆಗಿರಲಿಲ್ಲ. ಈಗಲೂ ಅಪರಿಚಿತ ನಂಬರಿನಿಂದ ಕರೆ ಬಂದರೆ ಎತ್ತುವ ಮೊದಲು ಆಕೆಯ ಕೈ ಒಂದು ಕ್ಷಣ ನಿಲ್ಲುತ್ತದೆ.

ಮೈಕಮ್ಮ ಕಾಳಿನ ಮೇಡಂ ಮನೆ ಹುಡುಕಿಕೊಂಡು ಹೋದಳು. ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದ ಅವರು ವಿಷಯ ಕೇಳಿ, ಮೈಕಮ್ಮ ಎಂದೂ ಅವರ ಬಾಯಲ್ಲಿ ಕೇಳದ ಬೈಗುಳ ಬೈದರು. “ಬರೀ ಬೈದ್ರೆ ಆಗಲ್ಲ,” ಎಂದು ಆಮೇಲೆ ತಾವೇ ಹೇಳಿದರು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣ ತೇವಾಂಶ ಮಾಪಕ ಅಗ್ಗಕ್ಕೆ ಸಿಗುತ್ತದೆ, ಕಾಳಿನ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಮುಚ್ಚಿಟ್ಟು ಸ್ವಲ್ಪ ಹೊತ್ತು ಕಾದರೆ ಅಂಕಿ ತಾನೇ ಹೇಳುತ್ತದೆ, ಯಾರ ದನಿಯನ್ನೂ ನಂಬಬೇಕಾಗಿಲ್ಲ ಎಂದು ತೋರಿಸಿಕೊಟ್ಟರು. ಮೈಕಮ್ಮನ ಗಂಡ ಅವನ್ನು ತರಿಸಿದ, ಕೆಟ್ಟವನ್ನು ರಿಪೇರಿ ಮಾಡಿದ. ಮೈಕಮ್ಮ ಫೋನಿನಲ್ಲೇ ಒಂದು ಗುಂಪು ಕಟ್ಟಿ, ಮಹಡಿಯ ಮೇಲೆ ಬಟ್ಟೆ ಒಣಹಾಕುವ ಜಾಗದಲ್ಲಿ ನಿಂತು, ಮೇಡಂ ಹೇಳಿದ್ದನ್ನು ತಾನೇ ಹೇಳಿ ಕಳಿಸತೊಡಗಿದಳು. ಕಾಗೆ, ಹಾರ್ನು, ಪಕ್ಕದ ಮನೆಯ ಜಗಳ ಎಲ್ಲವೂ ಹಿಂದೆ ಕೇಳಿಸುತ್ತದೆ. ಕೇಳಿದವರು ತಿರುಗಿ ಪ್ರಶ್ನೆ ಕೇಳುತ್ತಾರೆ, ಆಕೆ ಉತ್ತರಿಸುತ್ತಾಳೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾಳೆ.

ಮುಂದಿನ ಕೊಯ್ಲಿನ ಹೊತ್ತಿಗೆ ಆ ಬೀದಿಯಲ್ಲಿ ಗುಂಪಿಗೆ ಸೇರದೆ ಉಳಿದವಳು ಎದುರು ಮನೆಯವಳೊಬ್ಬಳೇ. ಮೈಕಮ್ಮ ಮಾಪಕ ಹಿಡಿದು ಅವಳ ಬಾಗಿಲಿಗೆ ಹೋದಳು. ಅವಳು ಅಂಗಳದಲ್ಲಿ ಜೋಳ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನಿನ್ನ ತಪ್ಪಲ್ಲ ಅಂತ ಗೊತ್ತು,” ಎಂದಳು. “ಆದ್ರೂ ನಿನ್ನ ದನಿ ಕೇಳಿದ್ರೆ ನನಗೆ ಆ ವಾಸನೆ ಬರುತ್ತೆ. ಏನು ಮಾಡಲಿ?”

ಮೈಕಮ್ಮನ ಬಾಯಿ ತುಂಬ ಮಾತಿತ್ತು. ನುಂಗಿಕೊಂಡಳು. ಕೂತು, ಒಂದು ಬೊಗಸೆ ಕಾಳನ್ನು ಮಾಪಕದ ಜೊತೆ ಕವರಿಗೆ ಹಾಕಿ ಬಾಯಿ ಮುಚ್ಚಿ ಇಬ್ಬರ ನಡುವೆ ನೆಲದ ಮೇಲಿಟ್ಟಳು. ಇಬ್ಬರೂ ಕಾದರು. ಮೈಕಮ್ಮನ ಹಳೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಯಾರೋ ಎಲ್ಲೋ ಕೂತು, ಕೇಳಿ ನೋಡದೆ, ಗುಂಡಿ ಒತ್ತಿ, ತನ್ನ ದನಿಯನ್ನು ಈ ಹೆಂಗಸಿನ ಮನೆಯಲ್ಲಿ ಶಾಶ್ವತವಾಗಿ ಕೊಳೆಸಿಬಿಟ್ಟಿದ್ದರು. ಅದಕ್ಕೆ ಯಾವ ಬದಲಿ ಕಾಳೂ ಇರಲಿಲ್ಲ.

ಎದುರು ಮನೆಯವಳು ಬಾಗಿ ಅಂಕಿ ನೋಡಿದಳು.

“ಇನ್ನೂ ಹಸಿ,” ಎಂದಳು.

ಎದ್ದು ಚಾಪೆ ತಂದು ಬಿಸಿಲಿಗೆ ಹಾಸಿದಳು. ಮೈಕಮ್ಮ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಮಾತಿಲ್ಲದೆ ಕಾಳು ಹರಡತೊಡಗಿದರು.